ಸೋಲುವ ಆಟವನ್ನು ಯಾವಾಗ ಬಿಟ್ಟುಕೊಡಬೇಕು?

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಿದ್ಧೇಶ್ವರ ಗುಡಿಯ ಆಸುಪಾಸಿನ ಕಟ್ಟೆಗಳ ಮೇಲೆ ಹಿರಿಯರ ಆಟ ನೋಡುತ್ತ ಚದುರಂಗ ಕಲಿತವನು. ಸೋಲು ಖಚಿತವಾದ ಕೂಡಲೇ ರಾಜನನ್ನು ಮಲಗಿಸಿ ಎದ್ದುಬಿಡುವುದೇ ಮರ್ಯಾದೆ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಈಗ ಮೊಬೈಲಿನಲ್ಲಿ 10 ನಿಮಿಷದ ಆಟ ಆಡುತ್ತೇನೆ. ರಾಣಿಯೂ ಎರಡು ಆನೆಗಳೂ ಹೋದ ಮೇಲೂ ಎದುರಾಳಿಗಳು ಒಂಟಿ ರಾಜನನ್ನು ಓಡಾಡಿಸುತ್ತಲೇ ಇರುತ್ತಾರೆ. ಕೆಲವರು ಏನೂ ಆಡದೆ ಗಡಿಯಾರ ಓಡಲು ಬಿಟ್ಟು ಸುಮ್ಮನೆ ಕುಳಿತುಬಿಡುತ್ತಾರೆ. ಏಳನೆಯ ತರಗತಿಯ ಮೊಮ್ಮಗ ಮಾತ್ರ, ‘ಅಜ್ಜಾ, ನೀವು ಭಾಳ ಲಗೂ ಬಿಟ್ಟುಕೊಡ್ತೀರಿ, ರಿಸೈನ್ ಒತ್ತಬ್ಯಾಡ್ರಿ’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆನ್‌ಲೈನ್ ಆಟದಲ್ಲಿ ಸೋಲೊಪ್ಪುವ ಶಿಷ್ಟಾಚಾರ ಯಾವುದು? ಕೊನೆಯವರೆಗೂ ಆಡುವವರು ನನ್ನನ್ನು ಅವಮಾನಿಸುತ್ತಿದ್ದಾರೆಯೇ?

ಉತ್ತರ: ತಮ್ಮ ಪತ್ರದಲ್ಲಿ ಎರಡು ಬಗೆಯ ಎದುರಾಳಿಗಳು ಒಂದೇ ಸಾಲಿನಲ್ಲಿ ಬಂದಿದ್ದಾರೆ. ಮೊದಲು ಅವರನ್ನು ಬೇರೆ ಮಾಡಬೇಕಾಗುತ್ತದೆ. ಒಂಟಿ ರಾಜನನ್ನು ಇಟ್ಟುಕೊಂಡು ಮೇಟ್ (ರಾಜ ತಪ್ಪಿಸಿಕೊಳ್ಳಲಾಗದಂತೆ ಸಿಕ್ಕಿಬಿದ್ದು ಆಟ ಮುಗಿಯುವುದು) ಆಗುವವರೆಗೆ ಚಕಚಕನೆ ಆಡುವವರು ತಮ್ಮನ್ನು ಅವಮಾನಿಸುತ್ತಿಲ್ಲ. ಸೋತ ಸ್ಥಿತಿಯಲ್ಲಿ ಏಳು ನಿಮಿಷ ಬಾಕಿ ಇಟ್ಟುಕೊಂಡು ನಡೆ ಆಡದೆ ಕುಳಿತುಬಿಡುವವರು ಖಂಡಿತವಾಗಿಯೂ ಅವಮಾನಿಸುತ್ತಿದ್ದಾರೆ. ಮೊದಲನೆಯವರು ತಮಗಿರುವ ಹಕ್ಕನ್ನು ಬಳಸಿಕೊಳ್ಳುತ್ತಿದ್ದಾರೆ, ಎರಡನೆಯವರು ಗಡಿಯಾರವನ್ನು ಶಿಕ್ಷೆಯ ಸಾಧನವಾಗಿ ಬಳಸುತ್ತಿದ್ದಾರೆ.

ನಿಯಮದ ಮಾತನ್ನು ಬೇಗ ಮುಗಿಸೋಣ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮಾವಳಿಯ 5ನೆಯ ವಿಧಿಯ ಪ್ರಕಾರ, ಎದುರಾಳಿ ತಾನು ಸೋಲೊಪ್ಪಿದ್ದೇನೆಂದು ಹೇಳಿದ ಕ್ಷಣಕ್ಕೆ ಆಟ ಮುಗಿಯುತ್ತದೆ. ಯಾವ ಸ್ಥಿತಿಯಲ್ಲಿ ಹಾಗೆ ಹೇಳಲೇಬೇಕು ಎಂಬುದು ಆ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ಎದುರಾಳಿಯ ಗಮನ ಕೆಡಿಸಬಾರದು, ಅವರಿಗೆ ಕಿರಿಕಿರಿ ಮಾಡಬಾರದು ಎಂದು 11ನೆಯ ವಿಧಿ ಹೇಳುತ್ತದೆ. ಆದರೆ ಸೋತ ಆಟವನ್ನು ಮುಂದುವರಿಸುವುದನ್ನು ಯಾವ ತೀರ್ಪುಗಾರರೂ ಕಿರಿಕಿರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆನ್‌ಲೈನ್ ಆಟದ ತಾಣಗಳಾದ ಚೆಸ್.ಕಾಂ, ಲಿಚೆಸ್ ಎರಡರಲ್ಲಿಯೂ ಇದೇ ನೀತಿ ಇದೆ. ಆಟಗಾರರ ಬಲವನ್ನು ಅಳೆಯುವ ಅಂಕವಾದ ರೇಟಿಂಗ್‌ನ ಲೆಕ್ಕದಲ್ಲಿಯೂ ಮೇಟ್ ಆಗಿ ಸೋತರೂ ರಿಸೈನ್ ಒತ್ತಿ ಸೋತರೂ ಕಳೆಯುವ ಅಂಕ ಅಷ್ಟೇ. ಆದುದರಿಂದ ಉಳಿಯುವುದು ಶುದ್ಧ ಶಿಷ್ಟಾಚಾರದ ಪ್ರಶ್ನೆ.

ಶಿಷ್ಟಾಚಾರ ಹುಟ್ಟಿದ ಜಾಗವನ್ನು ನೋಡದೆ ಅದನ್ನು ಇನ್ನೊಂದು ಜಾಗಕ್ಕೆ ಹೊತ್ತೊಯ್ದರೆ ಗೊಂದಲವಾಗುತ್ತದೆ. ಕಟ್ಟೆಯ ಮೇಲೆ ಬೋರ್ಡು ಒಂದೇ ಇರುತ್ತಿತ್ತು, ಆಡಲು ಬಂದವರು ಏಳೆಂಟು ಜನ ಇರುತ್ತಿದ್ದರು. ಸೋತವರು ಎದ್ದು ಜಾಗ ಬಿಟ್ಟರೆ ಮಾತ್ರ ಮುಂದಿನವರಿಗೆ ಪಾಳಿ. ಆದ್ದರಿಂದ ಅಲ್ಲಿ ಬೇಗ ರಾಜನನ್ನು ಮಲಗಿಸುವುದು ಗೆದ್ದವರಿಗೆ ತೋರುವ ಗೌರವಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಚಹಾ ಕುಡಿಯುತ್ತ ಕಾಯುತ್ತಿದ್ದ ಮೂರನೆಯವರಿಗೆ ತೋರುವ ದಾಕ್ಷಿಣ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಗಡಿಯಾರವೂ ಇಲ್ಲದ ಆ ಆಟಗಳಲ್ಲಿ, ಬಿಟ್ಟುಕೊಡದ ಮನುಷ್ಯ ಇಡೀ ಸಂಜೆಯನ್ನೇ ನುಂಗಿಹಾಕಬಹುದಿತ್ತು. ಮೊಬೈಲಿನಲ್ಲಿ ಪಾಳಿಗೆ ಕಾಯುವವರು ಯಾರೂ ಇಲ್ಲ. ಗಡಿಯಾರವಂತೂ ಮೊದಲ ನಡೆಗಿಂತ ಮುಂಚೆಯೇ ಒಪ್ಪಂದವಾಗಿರುತ್ತದೆ. 10 ನಿಮಿಷದ ಆಟಕ್ಕೆ ಕುಳಿತವರು, ಇಬ್ಬರ ಗಡಿಯಾರವೂ ಸೇರಿ ಹೆಚ್ಚೆಂದರೆ 20 ನಿಮಿಷ ಈ ಆಟಕ್ಕೆ ಕೊಡಲು ಸಿದ್ಧ ಎಂದು ಒಪ್ಪಿಕೊಂಡೇ ಕುಳಿತಿರುತ್ತಾರೆ. ಆ ಮಿತಿಯೊಳಗೆ ಎದುರಾಳಿ ನಡೆಯ ಮೇಲೆ ನಡೆ ಆಡುತ್ತಿರುವವರೆಗೆ, ‘ನನ್ನ ಸಮಯ ಹಾಳುಮಾಡಿದ’ ಎಂದು ದೂರುವುದಕ್ಕೆ ಗೆಲ್ಲುತ್ತಿರುವವರಿಗೆ ಆಧಾರವಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತನ್ನೂ ಹೇಳಬೇಕು. ಗೆಲ್ಲುತ್ತಿರುವವರು ಚಾಟ್‌ನಲ್ಲಿ ‘ರಿಸೈನ್ ಮಾಡಿ’ ಎಂದು ಬರೆಯುವುದು, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಳಿಸುವುದು, ‘ಇನ್ನೂ ಏನು ಉಳಿದಿದೆ’ ಎಂದು ಕೇಳುವುದು ಇವತ್ತಿನ ದಿನ ಬಹಳ ಸಾಮಾನ್ಯವಾಗಿದೆ. ಸೋಲೊಪ್ಪುವುದು ಸೋಲುವವರ ಹಕ್ಕು. ಅದು ಗೆಲ್ಲುವವರಿಗೆ ಸಲ್ಲಬೇಕಾದ ಬಾಕಿಯಲ್ಲ. ಬೋರ್ಡಿನ ಮುಂದೆ ಕುಳಿತು ಆಡುವ ಟೂರ್ನಿಯಲ್ಲಿ ಎದುರಾಳಿಗೆ ಹೀಗೆ ಬಾಯಿಬಿಟ್ಟು ಹೇಳಿದರೆ ತೀರ್ಪುಗಾರರು ಕರೆದು ಎಚ್ಚರಿಕೆ ಕೊಡುತ್ತಾರೆ. ತಾವು ಹಾಗೆ ಬರೆಯುವವರಲ್ಲವೆಂದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ, ಆದರೆ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡು ಬಿರುಸಾಗಿ ಆಡಿದರೆ ಆಟವೂ ಕೆಡುತ್ತದೆ.

ಸೋಲೊಪ್ಪುವುದರಲ್ಲಿ ನಿಜವಾಗಿಯೂ ಗೌರವ ಇದೆ. ಆ ಗೌರವ ಏನನ್ನು ಹೇಳುತ್ತದೆ ಎಂಬುದನ್ನು ಮಾತ್ರ ಸರಿಯಾಗಿ ತಿಳಿಯಬೇಕು. ‘ಈ ಸ್ಥಿತಿಯನ್ನು ಗೆಲ್ಲುವುದು ನಿಮಗೆ ಗೊತ್ತಿದೆ, ಅದನ್ನು ತೋರಿಸಿಕೊಡುವ ಅಗತ್ಯವಿಲ್ಲ’ ಎಂದು ಎದುರಾಳಿಯ ಕೌಶಲಕ್ಕೆ ಕೊಡುವ ಮನ್ನಣೆ ಅದು. ಹಾಗಾದ ಮೇಲೆ ಎದುರಾಳಿ ಯಾರು, ಅವರ ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿದೆ ಎಂಬ ಎರಡನ್ನೂ ಬಿಟ್ಟು ‘ಯಾವಾಗ’ ಎಂದು ಉತ್ತರಿಸಲಾಗದು. 2024ರ ಡಿಸೆಂಬರಿನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್‌ನ 14ನೆಯ ಆಟದಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಸರಿಸಿ, 58 ನಡೆಗಳಲ್ಲಿ ಗುಕೇಶ್ ಅವರಿಗೆ ಸೋಲೊಪ್ಪಿಕೊಂಡರು. ಆಗ ಮೇಟ್ ಇನ್ನೂ ಬಹಳ ದೂರವಿತ್ತು; ಉಳಿದಿದ್ದ ರಾಜ ಮತ್ತು ಕಾಲಾಳುಗಳ ಆಟವನ್ನು ಗುಕೇಶ್ ಹೇಗೆ ಮುಗಿಸುತ್ತಾರೆಂಬುದು ಮಾತ್ರ ಇಬ್ಬರಿಗೂ ಸಂದೇಹವಿಲ್ಲದೆ ಗೊತ್ತಿತ್ತು. ಮೊಬೈಲಿನಲ್ಲಿ 900 ರೇಟಿಂಗಿನ ಇಬ್ಬರು ಅದೇ ಸ್ಥಿತಿಗೆ ಬಂದರೆ ಸಂದೇಹ ಬೇಕಾದಷ್ಟಿರುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ಅಮೆರಿಕದ ಬೈರ್ನ್ ಸಹೋದರರದು. 1956ರಲ್ಲಿ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಬೈರ್ನ್ ಅವರ ಎದುರು 13 ವರ್ಷದ ಹುಡುಗ ಬಾಬಿ ಫಿಶರ್ ತನ್ನ ರಾಣಿಯನ್ನೇ ಬಲಿ ಕೊಟ್ಟು, ಎರಡು ಒಂಟೆ, ಒಂದು ಕುದುರೆ, ಒಂದು ಆನೆಯನ್ನು ಹೆಣೆದು ರಾಜನನ್ನು ಅಟ್ಟಿಸಿಕೊಂಡು ಹೋದ. ಬೈರ್ನ್ ಅನುಭವಿ; ಆಟ ಕೈಬಿಟ್ಟಿದೆ ಎಂಬುದು ಅವರಿಗೆ ಎಷ್ಟೋ ಮೊದಲೇ ತಿಳಿದಿತ್ತು. ಆದರೂ ಅವರು ಬಿಟ್ಟುಕೊಡದೆ 41ನೆಯ ನಡೆಯಲ್ಲಿ ಮೇಟ್ ಆಗುವವರೆಗೆ ಆಡಿದರು, ಹುಡುಗನಿಗೆ ತನ್ನ ಕೈಕೆಲಸವನ್ನು ಬೋರ್ಡಿನ ಮೇಲೆಯೇ ಪೂರ್ತಿ ಮಾಡಲು ಬಿಟ್ಟರು. ಇವತ್ತಿಗೂ ಆ ಆಟದ ಕೊನೆಯ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ, ಬೋರ್ಡಿನ ಅಂಚಿನಲ್ಲಿ ಸಿಕ್ಕಿಬಿದ್ದ ಬಿಳಿ ರಾಜನೂ, ದೂರದಲ್ಲಿ ಕೆಲಸವಿಲ್ಲದೆ ನಿಂತ ಬಿಳಿ ರಾಣಿಯೂ ಕಾಣಿಸುತ್ತವೆ. ಏಳು ವರ್ಷಗಳ ನಂತರ, 1963-64ರ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ, ಅಣ್ಣ ರಾಬರ್ಟ್ ಬೈರ್ನ್ ಇದೇ ಫಿಶರ್ ಎದುರು 21 ನಡೆಗಳಲ್ಲಿಯೇ ಸೋಲೊಪ್ಪಿದರು. ಪಕ್ಕದ ಕೋಣೆಯಲ್ಲಿ ಪ್ರೇಕ್ಷಕರಿಗೆ ಆಟ ವಿವರಿಸುತ್ತಿದ್ದ ಗ್ರ್ಯಾಂಡ್‌ಮಾಸ್ಟರ್‌ಗಳು ಅಲ್ಲಿಯವರೆಗೆ ಬೈರ್ನ್ ಅವರೇ ಗೆಲ್ಲುತ್ತಿದ್ದಾರೆ ಎಂದುಕೊಂಡಿದ್ದರು! ಒಬ್ಬ ತಮ್ಮ ಮೇಟ್ ಆಗುವವರೆಗೆ ಆಡಿದ, ಒಬ್ಬ ಅಣ್ಣ ಯಾರಿಗೂ ಕಾಣದ ಸೋಲನ್ನು ಕಂಡು ಕೈ ಚಾಚಿದ. ಇಬ್ಬರನ್ನೂ ಚದುರಂಗ ಲೋಕ ಸಜ್ಜನರೆಂದೇ ನೆನೆಯುತ್ತದೆ.

ಇನ್ನು ತಮ್ಮ ಮೊಮ್ಮಗನ ಮಾತಿಗೆ ಬರುತ್ತೇನೆ. ಅವನು ಹೇಳುವುದರಲ್ಲಿ ಬಹುಪಾಲು ಸತ್ಯವಿದೆ, ಅದರಲ್ಲಿಯೂ ಅವನ ವಯಸ್ಸಿನವರಿಗೆ ಸಂಬಂಧಪಟ್ಟಂತೆ. ಬೆಳಗಾವಿಯಲ್ಲಿ ನನ್ನ ಬಳಿ ಬರುವ ಮಕ್ಕಳಿಗೆ ನಾನು ಒಂದೇ ಷರತ್ತು ಹಾಕುತ್ತೇನೆ: ‘ಎದುರಾಳಿ ಹೇಗೆ ಗೆಲ್ಲುತ್ತಾನೆ ಎಂಬುದನ್ನು ನಡೆ ನಡೆಯಾಗಿ ಹೇಳಿ ತೋರಿಸು, ಆಮೇಲೆ ಬೇಕಾದರೆ ಬಿಟ್ಟುಕೊಡು.’ ಹೇಳಲು ಬರದಿದ್ದರೆ ಆಟ ಇನ್ನೂ ಕಲಿಸುತ್ತಿದೆ ಎಂದರ್ಥ. ಒಂಟಿ ರಾಜನ ಎದುರು ಒಂದು ಆನೆಯಿಂದ ಮೇಟ್ ಮಾಡುವುದಕ್ಕೆ ಸರಿಯಾಗಿ ಆಡಿದರೂ 16 ನಡೆಗಳವರೆಗೆ ಬೇಕಾಗಬಹುದು. ಒಂಟೆ ಮತ್ತು ಕುದುರೆ ಸೇರಿ ಮಾಡುವ ಮೇಟ್‌ಗೆ 33 ನಡೆಗಳವರೆಗೆ ಹಿಡಿಯುತ್ತದೆ, ಅದನ್ನು 50 ನಡೆಗಳ ನಿಯಮದೊಳಗೆ (ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು) ಮುಗಿಸಲಾಗದೆ ಒದ್ದಾಡಿದ ಪರಿಣತರೂ ಇದ್ದಾರೆ. ಮೇಟ್ ಮಾಡಿಸಿಕೊಂಡ ಮಗುವೇ ಮರುವಾರ ಅದೇ ಮೇಟನ್ನು ಇನ್ನೊಬ್ಬರಿಗೆ ಮಾಡುತ್ತದೆ.

ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ಒಂದು ನಡೆಯೂ ಉಳಿಯದೆ ಆಟ ಡ್ರಾ ಆಗುವುದು) ಎಂಬ ದಾರಿ ಬೇರೆಯೇ ಇದೆ. ಬೋರ್ಡ್ ತೆಗೆದುಕೊಂಡು ಕಪ್ಪು ರಾಜನನ್ನು ಎಚ್8 ಮೂಲೆಯಲ್ಲಿಡಿ (ಬಿಳಿಯ ಕಡೆಯಿಂದ ನೋಡಿದರೆ ಬಲಗಡೆಯ ದೂರದ ಮೂಲೆ), ಬಿಳಿ ರಾಣಿಯನ್ನು ಜಿ6 ಮನೆಯಲ್ಲಿಡಿ, ಕಪ್ಪಿಗೆ ಬೇರೆ ಕಾಯಿಗಳಿಲ್ಲ ಎಂದುಕೊಳ್ಳಿ. ನಡೆ ಕಪ್ಪಿನದು. ಜಿ8, ಜಿ7, ಎಚ್7 ಮೂರೂ ಮನೆಗಳಿಗೆ ರಾಣಿಯ ಕಣ್ಣಿದೆ, ಆದರೆ ರಾಜನಿಗೆ ಚೆಕ್ ಇಲ್ಲ. ಆಟ ಡ್ರಾ. ರಾಣಿ ಎಫ್7ರಲ್ಲಿದ್ದರೂ ಇದೇ ಕಥೆ. ಗೆಲ್ಲುವ ಅವಸರದಲ್ಲಿರುವವರ ಕೈ ತಾನಾಗಿಯೇ ಹೋಗುವ ಮನೆಗಳು ಇವೆರಡೇ. ರಾಣಿಯನ್ನು ಉಳಿಸಿಕೊಂಡ ಎದುರಾಳಿಗೆ ಗಡಿಯಾರದಲ್ಲಿ ಹನ್ನೆರಡು ಸೆಕೆಂಡು ಇದೆ ಎಂದಾದರೆ, ತಮ್ಮ ರಾಜನನ್ನು ಮೂಲೆಯತ್ತ ನಡೆಸಿಕೊಂಡು ಹೋಗುವುದು ಕುತಂತ್ರವೇನಲ್ಲ, ಅದು ರಕ್ಷಣೆಯ ಕೊನೆಯ ಉಪಾಯ.

ಗಡಿಯಾರದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಅನೇಕರು ಗಮನಿಸುವುದಿಲ್ಲ. ಎದುರಾಳಿಯ ಸಮಯ ಮುಗಿದಾಗ ತಮ್ಮ ಬಳಿ ಒಂಟಿ ರಾಜ ಮಾತ್ರ ಇದ್ದರೆ ಆಟ ಡ್ರಾ ಆಗುತ್ತದೆ, ಏಕೆಂದರೆ ಒಂಟಿ ರಾಜನಿಂದ ಮೇಟ್ ಮಾಡಲು ಯಾವ ದಾರಿಯೂ ಇಲ್ಲ. ತಮ್ಮ ಬಳಿ ಒಂದೇ ಒಂದು ಕಾಲಾಳು ಉಳಿದಿದ್ದರೆ ಬಹುತೇಕ ಯಾವಾಗಲೂ ಅದು ಪೂರ್ತಿ ಗೆಲುವು, ಏಕೆಂದರೆ ಆ ಕಾಲಾಳು ಎಂಟನೆಯ ಸಾಲು ಮುಟ್ಟಿ ರಾಣಿಯಾಗುವ ಸಾಧ್ಯತೆ ಇದೆ. ಹೀಗಾಗಿ ಮೂರು ನಿಮಿಷದ ಬ್ಲಿಟ್ಜ್ ಆಟದಲ್ಲಿ, ಪ್ರತಿ ನಡೆಗೆ ಸೆಕೆಂಡು ಕೂಡಿಸಿಕೊಡುವ ಇನ್‌ಕ್ರಿಮೆಂಟ್ ಇಲ್ಲದಿದ್ದಾಗ, ಎದುರಾಳಿಯ ಗಡಿಯಾರ ತಳ ಕಂಡಿದ್ದರೆ, ಬಿಟ್ಟುಕೊಡದೆ ಮುಂದುವರಿಸುವವರನ್ನು ದೂಷಿಸಲಾಗದು. ಸಮಯವೂ ಒಂದು ಕಾಯಿಯೇ, ಅದನ್ನು ಖರ್ಚು ಮಾಡಿ ಎದುರಾಳಿ ಆ ಒಳ್ಳೆಯ ಸ್ಥಿತಿ ಪಡೆದಿದ್ದಾರೆ. ಎರಡು ಸೆಕೆಂಡಿನ ಇನ್‌ಕ್ರಿಮೆಂಟ್ ಇದ್ದರೆ ಈ ವಾದಕ್ಕೆ ಬಲವಿಲ್ಲ: ರಾಣಿಯಿಂದ ಮೇಟ್ ಮಾಡಲು ಅಭ್ಯಾಸವಿರುವವರಿಗೆ ಅಷ್ಟು ಸಾಕು.

ಅವಸರದಿಂದ ಬಿಟ್ಟುಕೊಡುವವರಲ್ಲಿ ಮಹಾರಥಿಗಳೂ ಇದ್ದಾರೆ. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಕಂಪ್ಯೂಟರಿನ ಎದುರು ಎರಡನೆಯ ಆಟದಲ್ಲಿ ಕಾಸ್ಪರೋವ್ ಸೋಲೊಪ್ಪಿದರು. ಸತತ ಚೆಕ್‌ಗಳಿಂದ ಡ್ರಾ ಮಾಡುವ ದಾರಿ ಆ ಸ್ಥಿತಿಯಲ್ಲಿಯೇ ಇತ್ತೆಂದು ಆಮೇಲೆ ವಿಶ್ಲೇಷಕರು ತೋರಿಸಿದರು. ಇದಕ್ಕೆ ತದ್ವಿರುದ್ಧವಾದದ್ದು 2025ರ ಜೂನ್ 1ರಂದು ನಾರ್ವೆಯ ಸ್ಟವಾಂಗರ್‌ನಲ್ಲಿ ನಡೆಯಿತು. ಕಾರ್ಲ್‌ಸನ್ ಎದುರು ಸೋಲುವ ಸ್ಥಿತಿಯಲ್ಲಿ ಗುಕೇಶ್ ಗಂಟೆಗಟ್ಟಲೆ ಜಗ್ಗದೆ ಕುಳಿತು, ಸಮಯದ ಒತ್ತಡದಲ್ಲಿ ಕಾರ್ಲ್‌ಸನ್ ಎಡವಿದ ಕೂಡಲೇ ಆಟವನ್ನು ತಿರುಗಿಸಿಬಿಟ್ಟರು. ಕಾರ್ಲ್‌ಸನ್ ಮೇಜಿಗೆ ಗುದ್ದಿದ ದೃಶ್ಯವನ್ನು ತಮ್ಮ ಮೊಮ್ಮಗ ಮೊಬೈಲಿನಲ್ಲಿ ಎಷ್ಟೋ ಸಲ ನೋಡಿರುತ್ತಾನೆ. ಗುಕೇಶ್ ಏಕೆ ಬಿಟ್ಟುಕೊಡಲಿಲ್ಲ ಎಂದು ಯಾರೂ ಕೇಳಲಿಲ್ಲ.

ತಮ್ಮ ಮಟ್ಟಿಗೆ ನಾನು ಸೂಚಿಸುವ ಪರೀಕ್ಷೆ ಇಷ್ಟೇ: ‘ಬೋರ್ಡನ್ನು ತಿರುಗಿಸಿ, ಎದುರಾಳಿಯ ಕಾಯಿಗಳನ್ನೂ ಅವರ ಗಡಿಯಾರದಲ್ಲಿ ಉಳಿದ ಸಮಯವನ್ನೂ ನನಗೆ ಕೊಟ್ಟರೆ, ನನ್ನಂಥವನ ಎದುರು ನಾನು ಇದನ್ನು ಕಣ್ಣುಮುಚ್ಚಿ ಗೆಲ್ಲುತ್ತೇನೆಯೇ?’ ಹೌದು ಎಂದಾದರೆ ನಿಶ್ಚಿಂತೆಯಿಂದ ಬಿಟ್ಟುಕೊಡಿ. ಅನುಮಾನವಿದ್ದರೆ ಇನ್ನೊಂದು ಐದಾರು ನಡೆ ಆಡಿ. ಈ ಪರೀಕ್ಷೆಯನ್ನು ತಪ್ಪು ನಡೆ ಆಡಿದ ಮರುಕ್ಷಣದಲ್ಲಿ ಮಾತ್ರ ಮಾಡಬೇಡಿ. ರಾಣಿ ಹೋದ ಸಿಟ್ಟಿನಲ್ಲಿ ಬೆರಳು ನೇರವಾಗಿ ರಿಸೈನ್ ಮಾಡುವ ಬಾವುಟದ ಗುಂಡಿಗೆ ಹೋಗುತ್ತದೆ. ನೀರು ಕುಡಿದು, ಎರಡೂ ಕಡೆಯ ಕಾಯಿಗಳನ್ನು ಎಣಿಸಿ, ಎದುರಾಳಿಯ ರಾಜ ಎಲ್ಲಿದ್ದಾನೆ ನೋಡಿ, ಆಮೇಲೆ ತೀರ್ಮಾನಿಸಿ. ಸೆಟ್ಟಿಂಗ್ಸ್‌ನಲ್ಲಿ ‘ಸೋಲೊಪ್ಪುವ ಮುನ್ನ ಖಚಿತಪಡಿಸಿಕೊಳ್ಳಿ’ ಎಂಬ ಅರ್ಥದ ಆಯ್ಕೆ ಎರಡೂ ತಾಣಗಳಲ್ಲಿದೆ, ಅದನ್ನು ಆನ್ ಮಾಡಿಡುವುದು ಒಳ್ಳೆಯದು. ಒಂದು ನಡೆಗೆ ದಿನಗಟ್ಟಲೆ ಅವಕಾಶವಿರುವ ಆಟಗಳಲ್ಲಿ ನನ್ನ ನಿಲುವು ಇದಕ್ಕಿಂತ ಬಿಗಿ: ಅಲ್ಲಿ ಗಡಿಯಾರದ ಒತ್ತಡದಿಂದ ಎದುರಾಳಿ ಎಡವುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನಬಹುದು, ಹೀಗಿರುವಾಗ ಎರಡು ಆನೆ ಕಡಿಮೆಯಿದ್ದೂ ಮೂರು ದಿನಕ್ಕೊಂದು ನಡೆಯಂತೆ ವಾರಗಟ್ಟಲೆ ಎಳೆಯುವುದು ಚೆನ್ನಾಗಿ ಕಾಣುವುದಿಲ್ಲ.

ಈಗ ಸುಮ್ಮನೆ ಕುಳಿತುಬಿಡುವವರ ವಿಷಯ. ಇದಕ್ಕೆ ಕ್ಷಮೆಯಿಲ್ಲ ಎಂದು ಬರೆಯುವ ಮೊದಲು ಒಂದು ಅನುಮಾನದ ಲಾಭವನ್ನು ಅವರಿಗೆ ಕೊಡಬೇಕಾಗುತ್ತದೆ. ಕರೆಂಟ್ ಹೋಗಿ ವೈಫೈ ನಿಂತರೆ, ಆಟದ ಮಧ್ಯೆ ಮನೆಯಿಂದ ಫೋನ್ ಬಂದರೆ, ಎದುರಿನವರಿಗೆ ಕಾಣುವುದು ಓಡುತ್ತಿರುವ ಗಡಿಯಾರ ಮಾತ್ರ. ನಮ್ಮ ಜಿಲ್ಲೆಗಳ ಬೇಸಿಗೆಯ ಸಂಜೆಗಳನ್ನು ಬಲ್ಲ ತಮಗೆ ಇದನ್ನು ವಿವರಿಸಬೇಕಾಗಿಲ್ಲ. 2020ರ ಆಗಸ್ಟ್ 30ರಂದು ಫಿಡೆ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್‌ನಲ್ಲಿ ರಷ್ಯಾ ಎದುರು ಆಡುತ್ತಿದ್ದಾಗ, ಹಲವು ದೇಶಗಳಲ್ಲಿ ಇಂಟರ್ನೆಟ್ ಕೈಕೊಟ್ಟು, ನಮ್ಮ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಅವರ ಗಡಿಯಾರಗಳು ಹೀಗೆಯೇ ಓಡಿ ಮುಗಿದವು. ಭಾರತದ ಮೇಲ್ಮನವಿಯ ನಂತರ ಫಿಡೆ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಿತು. ಆದುದರಿಂದ ಒಂದು ಸಲ ಹೀಗಾದರೆ ಸುಮ್ಮನಿದ್ದುಬಿಡಿ.

ಎದುರಾಳಿ ಸಂಪರ್ಕದಲ್ಲಿದ್ದೂ, ಕೊನೆಯ ಎರಡು ಸೆಕೆಂಡಿಗೆ ಸರಿಯಾಗಿ ಒಂದು ನಡೆ ಆಡಿದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ತಾವು ಎದ್ದು ಹೋಗಿರಬಹುದು, ತಮ್ಮ ಗಡಿಯಾರ ಬಿದ್ದುಹೋಗಬಹುದು ಎಂಬ ಎಣಿಕೆ ಅದರ ಹಿಂದಿರುತ್ತದೆ. ಅಂಥವರಿಗೆ ಚಾಟ್‌ನಲ್ಲಿ ಬುದ್ಧಿ ಹೇಳಲು ಹೋಗಬೇಡಿ, ಅವರಿಗೆ ಬೇಕಾಗಿರುವುದೇ ಅದು. ಧ್ವನಿ ಆನ್ ಮಾಡಿಟ್ಟು ದಿನಪತ್ರಿಕೆ ಓದುತ್ತಿರಿ, ಆಟ ಮುಗಿದ ಮೇಲೆ ವರದಿ ಮಾಡುವ ಗುಂಡಿ ಒತ್ತಿ, ಬ್ಲಾಕ್ ಮಾಡಿ. ಲಿಚೆಸ್‌ನಲ್ಲಿ ಎದುರಾಳಿ ಹೊರಟೇಹೋಗಿದ್ದರೆ ಸ್ವಲ್ಪ ಹೊತ್ತಿನ ನಂತರ ಗೆಲುವನ್ನು ಪಡೆಯುವ ಅಥವಾ ಡ್ರಾ ಎಂದು ಮುಗಿಸುವ ಆಯ್ಕೆ ತಮಗೇ ಕಾಣಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಹೀಗೆ ಮಾಡುವವರಿಗೆ ಎರಡೂ ತಾಣಗಳು ಎಚ್ಚರಿಕೆ ಕೊಟ್ಟು, ಆಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. ಗಮನಿಸಿ, ಶಿಕ್ಷೆ ಇರುವುದು ಇದಕ್ಕೆ. ಒಂಟಿ ರಾಜನನ್ನು ಓಡಾಡಿಸಿದವರಿಗೆ ಎಲ್ಲಿಯೂ ಶಿಕ್ಷೆಯಿಲ್ಲ.

ಗೆಲ್ಲುವವರ ಕಡೆಯ ಅಸಭ್ಯತೆಯ ಬಗ್ಗೆ ತಾವು ಕೇಳಿಲ್ಲ, ಆದರೂ ಒಂದು ಸಾಲು. ಮೂರು ನಡೆಯಲ್ಲಿ ಮೇಟ್ ಇರುವಾಗ ಅದನ್ನು ಬಿಟ್ಟು ಕಾಲಾಳುಗಳನ್ನೆಲ್ಲ ಮುಂದೆ ತಳ್ಳಿ ನಾಲ್ಕು ಕುದುರೆ ಮಾಡಿಕೊಂಡು ಮೆರೆಯುವುದು, ಬಿಟ್ಟುಕೊಡದ ಎದುರಾಳಿಗೆ ಪಾಠ ಕಲಿಸುವ ನೆಪದಲ್ಲಿ ನಡೆಯುತ್ತದೆ. ನಿಯಮ ಅದನ್ನು ತಡೆಯುವುದಿಲ್ಲ, ನನಗೆ ಮಾತ್ರ ಅದು ಹಿಡಿಸುವುದಿಲ್ಲ. ಹಾಗೆ ಮೆರೆಯುತ್ತ ಸ್ಟೇಲ್‌ಮೇಟ್ ಮಾಡಿಕೊಂಡವರನ್ನು ಕಂಡಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡಲಾರೆ.

ಸೋಲೊಪ್ಪುವುದೇ ಅಪರಾಧವಾಗುವ ಸಂದರ್ಭವೂ ಒಂದಿದೆ. ಮುಂದೆ ಕಡಿಮೆ ರೇಟಿಂಗಿನವರ ವಿಭಾಗದಲ್ಲಿ ಆಡಿ ಬಹುಮಾನ ಹೊಡೆಯಲೆಂದು ಬೇಕೆಂದೇ ಆಟಗಳನ್ನು ಬಿಟ್ಟುಕೊಟ್ಟು ರೇಟಿಂಗ್ ಇಳಿಸಿಕೊಳ್ಳುವುದು, ಟೂರ್ನಿಯಲ್ಲಿ ಗೆಳೆಯನಿಗೆ ಅಂಕ ದಾಟಿಸಲು ಒಳ್ಳೆಯ ಸ್ಥಿತಿಯಲ್ಲಿಯೇ ಕೈಚೆಲ್ಲುವುದು, ಇವು ಮೋಸ ಎಂದೇ ಪರಿಗಣಿತವಾಗಿ ಖಾತೆ ಮುಚ್ಚುವವರೆಗೆ ಹೋಗುತ್ತವೆ. ತಂಡಗಳ ಸ್ಪರ್ಧೆಯಲ್ಲಿ ಆಡುವಾಗ ತಮ್ಮ ಅರ್ಧ ಅಂಕದ ಮೇಲೆ ಇತರರ ಫಲಿತಾಂಶವೂ ನಿಂತಿರುವುದರಿಂದ, ಅಲ್ಲಿ ವೈಯಕ್ತಿಕ ಸ್ವಾಭಿಮಾನವನ್ನು ಬದಿಗಿಟ್ಟು ಉಸಿರಿರುವವರೆಗೆ ಆಡಬೇಕಾಗುತ್ತದೆ. ಮೊಮ್ಮಗ ಶಾಲಾ ತಂಡದಲ್ಲಿದ್ದರೆ ಅವನಿಗೆ ಇದನ್ನು ಹೇಳಿಕೊಡಿ.

ಕೊನೆಯದಾಗಿ, ಬಿಟ್ಟುಕೊಡುವ ರೀತಿ. ಆನ್‌ಲೈನ್‌ನಲ್ಲಿ ಕೈಕುಲುಕುವುದಿಲ್ಲವಾದ್ದರಿಂದ ಗುಂಡಿ ಒತ್ತಿ ಮಾಯವಾಗುವುದು ಒರಟೆಂದು ತಮಗೆ ಅನ್ನಿಸಬಹುದು. ‘ಚೆನ್ನಾಗಿ ಆಡಿದಿರಿ’ ಎಂಬ ಅರ್ಥದ ಸಿದ್ಧ ಸಂದೇಶವನ್ನು ಸೋತವರು ಕಳಿಸಿದರೆ ಬಹಳ ಚೆನ್ನಾಗಿ ಕಾಣುತ್ತದೆ, ಗೆದ್ದವರು ಮೊದಲು ಕಳಿಸಿದರೆ ಕೆಲವರಿಗೆ ಅಣಕದಂತೆ ಕೇಳಿಸುತ್ತದೆ. ಹಾಗಾಗಿ ಗೆದ್ದಾಗ ಅವರ ಸಂದೇಶಕ್ಕೆ ಉತ್ತರ ಕೊಟ್ಟರೆ ಸಾಕು. ಸೋತವರು ರೀಮ್ಯಾಚ್ ಕೇಳಿದರೆ ಒಪ್ಪಲೇಬೇಕೆಂಬ ಕಟ್ಟುಪಾಡು ಇಲ್ಲ, ಸಮಯವಿದ್ದರೆ ಆಡಿ, ಬಣ್ಣ ಅದಲುಬದಲಾಗಿ ಬರುತ್ತದೆ. ಎದುರಾಳಿ ಬೈಗುಳ ಬರೆಯುವವರಾದರೆ, ಚಾಟ್ ಅನ್ನೇ ಮುಚ್ಚಿಡುವ ಆಯ್ಕೆ ಎರಡೂ ತಾಣಗಳಲ್ಲಿದೆ, ಮೊಮ್ಮಗನ ಫೋನಿನಲ್ಲಂತೂ ಅದನ್ನು ಇವತ್ತೇ ಮುಚ್ಚಿಡಿ.